ಉಡಿಗೆ ಹರಕು

ತಾರಿಹಾಳದ ಒಂದು ಓಣಿಯ ಇಪ್ಪತ್ತೆರಡು ಬಡ ಹುಡುಗಿಯರಿಗೆಂದು ವಿದ್ಯಾನಗರದ ಮಹಿಳಾ ಮಂಡಳವೊಂದರವರು ತಾವು ತೊಟ್ಟು ಬಿಟ್ಟ ಒಳ ಉಡುಪುಗಳನ್ನು ಗಂಟು ಕಟ್ಟಿಟ್ಟಿದ್ದರು. ಓಣಿಯ ಪರವಾಗಿ ಒಯ್ಯಲು ಬಂದ ಸತ್ಯವ್ವ ಗಂಟು ಬಿಚ್ಚಿ ನೋಡಿದಳು. ಎಲಾಸ್ಟಿಕ್ಕು ಜೋತುಬಿದ್ದಿತ್ತು, ಬಟ್ಟೆ ಅಲ್ಲಲ್ಲಿ ಹರಿದಿತ್ತು. ಹಳೆಯ ಕಲೆಗಳು ಹಾಗೇ ಇದ್ದವು.

ಅಂದು ಶುಕ್ರವಾರ. ಅಧ್ಯಕ್ಷೆ ವಾಣಿಶ್ರೀ ಬಂದ ಹೆಂಗಸರಿಗೆಲ್ಲ ಉಡಿ ತುಂಬುತ್ತಿದ್ದರು. ಸತ್ಯವ್ವನ ಸೆರಗಿಗೂ ಅಕ್ಕಿ, ಕೊಬ್ಬರಿ ಬಟ್ಟಲು, ರವಿಕೆಗೆಂದು ಮಡಿಕೆ ಮುರಿಯದ ಹೊಸ ಜಂಪರ್ ಪೀಸು ಹಾಕಿ, "ಗಂಟು ಹಿಡ್ಕೊಂಡು ನಿಂದರು ಸತ್ಯವ್ವಾ, ಫೋಟೋ ತಗೀತಾರ. ಆಮ್ಯಾಲ ಲಗೂ ಒಯ್ದು ಹಂಚಿಬಿಡು," ಎಂದರು.

"ಅಕ್ಕಾರ, ಈ ಉಡಿಗೆ ಹರಕ ಪೀಸು ಯಾಕ ಹಾಕಲಿಲ್ರಿ?"

"ಅಯ್ಯ, ಉಡಿಗೆ ಯಾರರ ಹರಕು ಹಾಕ್ತಾರೇನು? ಅಪಶಕುನ!"

"ಮತ್ತ ನಮ್ಮ ಹುಡುಗ್ಯಾರ ಮೈಗೆ?"

ವಾಣಿಶ್ರೀಯ ಮುಖ ಬಿಗಿಯಿತು. "ಏನೂ ಇಲ್ಲದವರಿಗೆ ಇಷ್ಟರ ಸಿಕ್ಕಾವಲ್ಲ. ಸುಮ್ನ ತಗೊಂಡು ನಡಿ."

ಇದ್ದ ಒಂದೇ ಒಳ ಉಡುಪನ್ನು ಒಗೆದು ಹಸಿಯಾಗಿಯೇ ತೊಟ್ಟು ಶಾಲೆಗೆ ಹೋಗುವ, ಮುಟ್ಟಾದರೆ ಮನೆಯಲ್ಲೇ ಕೂರುವ ಮಗಳು ಸತ್ಯವ್ವನ ಕಣ್ಣ ಮುಂದೆ ಬಂದಳು. ಬರಿಗೈಯಲ್ಲಿ ಹೋದರೆ ನಾಳೆಯೂ ಅವಳಿಗೆ ಅದೇ ಪಾಡು. ತುಂಬಿದ ಉಡಿಯನ್ನು ಯಾವ ಹೆಂಗಸೂ ತಿರುಗಿ ಸುರಿಯುವುದಿಲ್ಲ. ಆದರೂ ಸತ್ಯವ್ವ ಉಡಿಯಲ್ಲಿದ್ದ ಎಲ್ಲವನ್ನೂ ಮೇಜಿನ ಮೇಲೆ ಸುರಿದಳು. ಗಂಟನ್ನು ಕಾಲಿನಿಂದ ಆಚೆ ಸರಿಸಿ, ಬಾಗಿಲಿಗೆ ಅಡ್ಡ ಕುಳಿತು, ಖಾಲಿ ಸೆರಗು ಹಾಸಿದಳು.

"ಒಯ್ಯಂಗಿಲ್ರಿ. ಇಪ್ಪತ್ತೆರಡು ಹುಡುಗ್ಯಾರಿಗೂ ಹೊಸಾವು ಈ ಉಡಿಗೆ ಬೀಳೂತನಕ ನಾ ಇಲ್ಲಿಂದ ಏಳಂಗಿಲ್ಲ."