ಗಿಳಿಯ ಕೊಕ್ಕು

"ಬಾಯಿ ತೆರೆದಿರಲಿ. ಮಾತಾಡೋ ಥರಾನೇ ಕಾಣಬೇಕು," ಎಂದು ಅತ್ತೆ ಬೆನ್ನ ಹಿಂದೆ ನಿಂತು ಹೇಳಿದಾಗ ಸೊಸೆ ತಿರುಗಿ ನೋಡಲಿಲ್ಲ. ಸೋಪಿನ ನೀರಿನಲ್ಲಿ ತೊಳೆದ ಗಿಳಿಯ ಚರ್ಮ ಒದ್ದೆ ಕಾಲುಚೀಲದಂತೆ ಅವಳ ಅಂಗೈಯಲ್ಲಿ ಬಿದ್ದಿತ್ತು. ಸತ್ತ ಹಕ್ಕಿಗಳಿಗೆ ಹತ್ತಿ ತುಂಬಿ ಜೀವಂತ ಇದ್ದ ಹಾಗೆ ನಿಲ್ಲಿಸುವುದು ಅವಳ ಕಸುಬು. ಈ ಹಕ್ಕಿ ಅತ್ತೆಯ ಮುದ್ದಿನದು. ಅವರು ಸೊಸೆಯನ್ನು ಬೈದದ್ದನ್ನೆಲ್ಲ ಅದು ಮರುಕ್ಷಣವೇ ಅವರದೇ ದನಿಯಲ್ಲಿ ಎರಡನೇ ಸಲ ಬೈಯುತ್ತಿತ್ತು.

ಅವಳು ಹೇರ್ ಡ್ರೈಯರ್ ಹಾಕಿ, ಅಂಟಿಕೊಂಡ ಗರಿಗಳನ್ನು ಬೆರಳಿನಿಂದ ಬಿಡಿಸುತ್ತ ಬುಡದ ನವಿರು ಪುಕ್ಕವನ್ನು ಒಣಗಿಸತೊಡಗಿದಳು.

"ಬಿಸಿ ಜಾಸ್ತಿ ಮಾಡಿ ಸುಟ್ಟೀಯ! ನಿನ್ನ ಕೈಗುಣ ನಂಗೊತ್ತಿಲ್ವಾ?"

"ತಣ್ಣನೆ ಗಾಳಿ, ಅತ್ತೆ. ನಿಮ್ಮ ಮಾತಿಗಿಂತ ತಣ್ಣಗಿದೆ."

ಕತ್ತಿನ ಹಸಿರು ಮತ್ತೆ ಅರಳಿಕೊಂಡಿತು. ಆಗ ಅವಳು ಒಳಗೆ ಹತ್ತಿ ತುಂಬಿ ಹೊಲಿದು, ಕೊಕ್ಕನ್ನು ಮುಚ್ಚಿ, ದಾರ ಸುತ್ತಿ, ಬಿಗಿಯಾಗಿ ಗಂಟು ಹಾಕಿದಳು.

"ಅಯ್ಯೋ, ಬಾಯಿ ಯಾಕೆ ಕಟ್ಟಿದೆ?"

"ಒಳಗಿನ ಚರ್ಮ ಪೂರ್ತಿ ಒಣಗೋವರೆಗೂ ಕಟ್ಟಿರ್ಬೇಕು. ಆಮೇಲೆ ದಾರ ಬಿಚ್ಚಿದ್ರೂ ತೆರೆಯಲ್ಲ."

"ದಂಡಪಿಂಡ!" ಎಂದು ಅತ್ತೆ ಕಿರುಚಿದರು.

ಅಭ್ಯಾಸಬಲದಿಂದ ಇಬ್ಬರೂ ಅದನ್ನು ಇನ್ನೊಮ್ಮೆ ಕೇಳಲು ಕಾದರು.