ಹಾಡಿನ ನಡುವಿನ ಕೂಗು

ಮೈಕಿನ ಸ್ಟ್ಯಾಂಡು ಹಾರಿಬಂದು ಡ್ರಮ್ಮಿನ ಅಂಚಿಗೆ ಬಡಿಯಿತು. ಡ್ರಮ್ಮು ಬಾರಿಸುತ್ತಿದ್ದ ಅವಳು ತಲೆ ತಗ್ಗಿಸದಿದ್ದರೆ ಹಣೆ ಒಡೆಯುತ್ತಿತ್ತು. ಅವನ ಕೈ ಎತ್ತ ಬೀಸುತ್ತದೆ ಎಂಬುದು ಕಟ್ಟಿಕೊಂಡ ಹೆಂಡತಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು?

"ಮತ್ತೆ ತಾಳ ತಪ್ಪಿಸಿದ್ಯಲ್ಲೇ!" ಎಂದು ಗುಡುಗು ಅಬ್ಬರಿಸಿದ.

ಗುಡುಗು ಎಂಬುದು ಅಭಿಮಾನಿಗಳಿಟ್ಟ ಹೆಸರು. ವೇದಿಕೆ ಹತ್ತಿ ಅವನು ಬಾಯಿ ತೆರೆದರೆ ಮೈದಾನಕ್ಕೆ ಮೈದಾನವೇ ಎದ್ದು ಕುಣಿಯುತ್ತಿದ್ದ ಕಾಲವೊಂದಿತ್ತು. ಆಮೇಲೆ ಕುಡಿತ ಆ ಗಂಟಲಿಗೆ ತುಕ್ಕು ಹಿಡಿಸಿತು. ಈವತ್ತು ಬೆಳಗ್ಗಿನಿಂದ ಒಂದು ಸಾಲೂ ನೆಟ್ಟಗೆ ಬಂದಿರಲಿಲ್ಲ. ತಪ್ಪು ಮಾತ್ರ ಒಮ್ಮೆ ಡ್ರಮ್ಮಿನದು, ಒಮ್ಮೆ ಗಿಟಾರಿನದು, ಒಮ್ಮೆ ಸೆಕೆಯದು.

ಸೆಕೆ ತಡೆಯಲಾರದೆ ಅವನೇ ಹೋಗಿ ಗೋಡೆಯ ದೊಡ್ಡ ಬಾಗಿಲನ್ನು ತೆರೆದಿದ್ದ. ಆ ರೆಕಾರ್ಡಿಂಗ್ ಕೋಣೆ ಹಿಂದೆ ಗೋದಾಮಾಗಿತ್ತು. ಆ ಬಾಗಿಲಿನಿಂದ ಮೂಟೆಗಳನ್ನು ಹಗ್ಗ ಕಟ್ಟಿ ಕೆಳಗಿಳಿಸುತ್ತಿದ್ದರು. ಆಚೆಗೆ ಮೆಟ್ಟಿಲಿಲ್ಲ, ಕಟಕಟೆಯಿಲ್ಲ. ನಾಲ್ಕು ಮಹಡಿ ಕೆಳಗೆ ಕಲ್ಲು ಹಾಸಿದ ಅಂಗಳ.

"ಅತ್ತಿಗೇದು ತಪ್ಪಿಲ್ಲ ಅಣ್ಣ," ಎಂದ ಮೈದುನ, ಗಿಟಾರಿನಿಂದ ತಲೆಯೆತ್ತದೆ. "ಇಲ್ಲಿ ಒಂಚೂರು ತಡೆದು ಮೇಲಕ್ಕೆ ಹೋಗ್ಬೇಕು. ಹೀಗೆ." ಅರ್ಧ ಸಾಲನ್ನು ಗುನುಗಿ ತೋರಿಸಿದ. ಅಷ್ಟೇ ಅವನು ಮಾಡಿದ ಪಾಪ.

ಗಾಜಿನಾಚೆ ಕೂತಿದ್ದ ರೆಕಾರ್ಡಿಸ್ಟ್ ಆ ದನಿಗೆ ಬೆರಗಾಗಿ ತಲೆಯೆತ್ತಿ ನೋಡಿದ. ಅದನ್ನು ಗುಡುಗು ಕಂಡುಬಿಟ್ಟ.

ಮೊದಲ ಗುದ್ದಿಗೇ ಮೈದುನನ ಮೂಗಿನಿಂದ ರಕ್ತ ಚಿಮ್ಮಿತು. ಎರಡನೆಯದಕ್ಕೆ ಅವನು ಮಂಡಿಯೂರಿದ. ಗುಡುಗು ಗಿಟಾರನ್ನು ಕಿತ್ತುಕೊಂಡು ತಮ್ಮನ ಬೆನ್ನಿನ ಮೇಲೇ ಪುಡಿಮಾಡಿದ.

"ನಂಗೇ ಹೇಳಿಕೊಡ್ತೀಯಾ? ಒಂದು ಮನೇಲಿ ಒಂದೇ ಗಂಟಲು ಸಾಕು ಕಣೋ!"

"ಬಿಡ್ರೀ ಅವನನ್ನ!" ಎಂದು ಅವಳು ಚೀರಿದಳು.

ಅವನು ಬಿಡಲಿಲ್ಲ. ಕೊರಳುಪಟ್ಟಿ ಹಿಡಿದು ತಮ್ಮನನ್ನು ನೆಲದ ಮೇಲೆ ದರದರನೆ ಎಳೆದ. ದೊಡ್ಡ ಬಾಗಿಲಿನ ಹೊಸ್ತಿಲಿಗೆ ತಂದು, ಎದೆಯವರೆಗೆ ಆಚೆಗೆ ಬಾಗಿಸಿ, ಕುತ್ತಿಗೆ ಹಿಸುಕಿದ. ಮೈದುನನ ಕಾಲುಗಳು ಹಲಗೆಯ ಮೇಲೆ ಪಟಪಟ ಬಡಿದುಕೊಂಡವು.

"ಹಾಡೋ! ಊರಿಗೆಲ್ಲ ಕೇಳೋ ಹಾಗೆ ಹಾಡು!"

ಹಿಂದೊಮ್ಮೆ ಅವಳ ಪಕ್ಕೆಲುಬು ಮುರಿದಾಗ, ಮೆಟ್ಟಿಲಿನಿಂದ ಬಿದ್ದೆ ಎಂದು ಡಾಕ್ಟರಿಗೆ ಹೇಳಿದ್ದಳು. ತುಟಿ ಒಡೆದಾಗ ಬಾಗಿಲು ಬಡಿಯಿತು ಎಂದಿದ್ದಳು. ಮೈದುನನ ಕಾಲುಗಳ ಬಡಿತ ನಿಧಾನವಾಗುತ್ತಿತ್ತು. ಇನ್ನು ಹೇಳಲು ಯಾವ ಸುಳ್ಳೂ ಉಳಿದಿರಲಿಲ್ಲ. ಡ್ರಮ್ಮಿನ ಪಕ್ಕದ ತಾಳದ ತಟ್ಟೆಯ ಕಬ್ಬಿಣದ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದು ಎದ್ದಳು. ಓಡಿದಳು. ಬೀಸಿದಳು.

ಕೂಗು ಎದ್ದಿತು.

ಗಾಜಿನಾಚೆ ಟೇಪು ತಿರುಗುತ್ತಲೇ ಇತ್ತು.

ಮರುದಿನದ ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದ ಸುದ್ದಿ. ಹೊಸ ಹಾಡನ್ನು ಹಾಡಿ ಮುಗಿಸಿದ ಗಾಯಕ ಗಾಳಿಗೆಂದು ಬಾಗಿಲ ಬಳಿ ನಿಂತಾಗ ಕಾಲು ಜಾರಿ ಬಿದ್ದು ಸತ್ತ ಎಂದು. ಪೊಲೀಸರಿಗೆ ಹಾಗೆಂದು ಹೇಳಿದವನು ರೆಕಾರ್ಡಿಸ್ಟ್. ಅವಳು ಹೌದೆಂದು ತಲೆಯಾಡಿಸಿದಳು. ಮೈದುನ ಅದನ್ನೂ ಮಾಡಲಿಲ್ಲ.

ಹಾಡು ಹೊರಬಂತು. ಹುಚ್ಚೆದ್ದು ಕೇಳಿದರು ಜನ. ಅಷ್ಟು ಮೃದುವಾಗಿ ಗುಡುಗು ಎಂದೂ ಹಾಡಿರಲಿಲ್ಲ, ಸಾವು ಮೊದಲೇ ತಿಳಿದಿತ್ತೇನೋ ಎಂದು ಕಣ್ಣೀರಿಟ್ಟರು. ನಡುವೆ ಒಮ್ಮೆಲೇ ಏಳುವ ಆ ಕೂಗಿಗಂತೂ ಮೈ ಜುಮ್ಮೆನ್ನದವರಿಲ್ಲ. ಎದ್ದು, ದೂರ ದೂರ ಸರಿದು, ತಟ್ಟನೆ ನಿಲ್ಲುವ ಕೂಗು. ಮೈಕಿನಿಂದ ಹಿಂದೆ ಓಡುತ್ತಾ ಕೂಗಿರಬೇಕು ಎಂದರು ಕೆಲವರು. ಯಂತ್ರದ ಕೈಚಳಕ ಎಂದರು ಇನ್ನು ಕೆಲವರು.

ಅವಳ ಕೂದಲು ನೆರೆತರೂ ಆ ಮಾತು ಮುಗಿಯಲಿಲ್ಲ. ಹಳೆಯ ಹಾಡುಗಳು ಹುಟ್ಟಿದ ಕಥೆ ಹೇಳುವ ಕಾರ್ಯಕ್ರಮಕ್ಕೆಂದು ರೇಡಿಯೋದ ಹುಡುಗಿಯೊಬ್ಬಳು ಒಂದು ಬೆಳಗ್ಗೆ ಮನೆಗೆ ಬಂದಳು. ಮೈದುನ ಚಹಾ ತಂದಿಟ್ಟು ಗೋಡೆಗೊರಗಿ ನಿಂತ. ಅಣ್ಣ ಹೋದಾಗಿನಿಂದ ಹೊರಗಿನವರ ಮುಂದೆ ಅವನು ತುಟಿ ಬಿಚ್ಚಿದ್ದಿಲ್ಲ. ಅಂಗಡಿಯಲ್ಲೂ ಬೆರಳು ತೋರಿಸಿ ಸಾಮಾನು ತರುತ್ತಿದ್ದ. ದುಃಖ ಮಾತನ್ನೇ ನುಂಗಿಹಾಕಿತು ಪಾಪ ಎಂದು ಜನ ಮರುಗುತ್ತಿದ್ದರು.

"ಬೇಜಾರು ಮಾಡ್ಕೋಬೇಡಿ ಮೇಡಂ, ನೇರವಾಗಿ ಕೇಳ್ಬಿಡ್ತೀನಿ," ಎಂದಳು ಹುಡುಗಿ. "ಆ ಕೂಗು ಅವರದ್ದಲ್ಲ ಅಂತಾರೆ. ಅವರು ನಿಮ್ಮನ್ನ ಹೊಡೀತಿದ್ರಂತೆ. ಅದು ನಿಮ್ಮ ಕೂಗಂತೆ. ನಿಜಾನಾ?"

ಅವಳು ಸೆರಗು ಸರಿಮಾಡಿಕೊಂಡಳು. "ಇಲ್ಲ ಕಣಮ್ಮ. ಕೂಗು ಅವರದೇ."

ಹುಡುಗಿಯ ಮುಖ ಅರಳಿತು. "ನಂಗೊತ್ತಿತ್ತು! ಹಾಗಾದ್ರೆ ಹೊಡೀತಿದ್ರು ಅನ್ನೋದೂ ಸುಳ್ಳೇ ತಾನೇ? ಇಷ್ಟು ಮೃದುವಾಗಿ ಹಾಡೋ ಮನುಷ್ಯ ಹೆಂಡತಿ ಮೇಲೆ ಕೈ ಎತ್ತೋಕೆ ಸಾಧ್ಯಾನಾ?"

ಅವಳು ಚಹಾದ ಲೋಟವನ್ನು ಹುಡುಗಿಯ ಕಡೆ ಸರಿಸಿದಳು. ಹೂಂ ಎಂದರೆ ಮುಗಿಯುತ್ತಿತ್ತು. ಹೂಂ ಎನ್ನಲು ಪ್ರಾಣ ಒಪ್ಪಲಿಲ್ಲ.

"ಸಾಕು ಅತ್ತಿಗೆ. ಇನ್ನು ಮುಚ್ಚಿಡೋದು ಬೇಡ," ಎಂದಿತು ಗೋಡೆಯ ಬಳಿಯಿಂದ ಒಂದು ದನಿ.

ಹುಡುಗಿ ಬೆಚ್ಚಿಬಿದ್ದು ಮೊದಲು ತನ್ನ ಯಂತ್ರದ ಕಡೆ ನೋಡಿದಳು, ಹಾಡು ತಾನಾಗಿಯೇ ಶುರುವಾಯಿತೇನೋ ಎಂಬಂತೆ. ಆಮೇಲೆ ಮೈದುನನ ಕಡೆ ತಿರುಗಿದಳು.

"ಕೂಗೊಂದೇ ಅಣ್ಣಂದು, ಬೀಳ್ತಾ ಕೂಗಿದ್ದು," ಎಂದ ಅವನು. "ಹಾಡು ಹಾಡಿದ್ದು ನಾನು, ಅವನನ್ನ ಮಣ್ಣು ಮಾಡಿ ಬಂದ ಮೇಲೆ."