ಮಾರದೇ ಇಟ್ಟ ಮೆಣಸಿನಕಾಯಿ

ಗಂಡ ಅವಳ ಫೋನಿನ ಸಿಮ್ ಕಿತ್ತುಕೊಂಡಿದ್ದ. ಹೊತ್ತು ಹೋಗಲೆಂದು ಮನೆಯ ವೈಫೈಯಲ್ಲಿ ಬೇಸಾಯದ ಆಟವೊಂದನ್ನಷ್ಟೇ ಬಿಟ್ಟಿದ್ದ. ಆಟದ ಅಂಗಡಿಯಲ್ಲಿ ಅವಳಿಟ್ಟ ಬದನೆಕಾಯಿಯನ್ನು ದಿನವೂ ಕೊಳ್ಳುತ್ತಿದ್ದವಳು ಅವಳ ಅಮ್ಮನೆಂಬುದು ಅವನಿಗೆ ತಿಳಿಯದು.

ದೀಪಾವಳಿಗೆ ತವರಿಗೆ ಹೋದಾಗ ಅಮ್ಮ ಗುಟ್ಟಾಗಿ ಹೇಳಿದ್ದಳು: "ತಡ್ಕೊಳ್ಳೋಕಾಗದ ದಿನ ಮೆಣಸಿನಕಾಯಿ ಮಾರೋಕಿಡು. ನಿಮ್ಮಣ್ಣನ್ನ ಕರ್ಕೊಂಡು ಬಂದ್ಬಿಡ್ತೀನಿ."

ಅವಳು ಮೆಣಸಿನಕಾಯಿ ಬೆಳೆದಳು, ಕೊಯ್ದಳು. ಮಾರುವ ಧೈರ್ಯ ಮಾತ್ರ ಬರಲಿಲ್ಲ.

ಇವತ್ತು ಅವನು ಫೋನ್ ಕಸಿದುಕೊಂಡು ನೋಡಿದ. "ಕಣಜದಲ್ಲಿ ಜಾಗಾನೇ ಇಲ್ಲ. ಇಷ್ಟೊಂದು ಮೆಣಸಿನಕಾಯಿ ಯಾಕೆ ಕೂಡಿಟ್ಟಿದೀಯೇ?"

"ಅದೊಂದು ಇರ್ಲಿ ಬಿಡ್ರೀ..."

"ದಡ್ಡಿ! ವ್ಯಾಪಾರ ಹೇಗೆ ಅಂತ ನನ್ನ ನೋಡಿ ಕಲಿ," ಎಂದು ಅಷ್ಟನ್ನೂ ಮಾರಾಟಕ್ಕಿಟ್ಟ.

ಕಣ್ಣು ಮಿಟುಕಿಸುವುದರೊಳಗೆ ಎಲ್ಲವೂ ಖಾಲಿಯಾಯಿತು. "ನೋಡಿದ್ಯಾ?" ಎಂದು ಅವನು ಬೀಗುತ್ತಿದ್ದಾಗ, ಅವಳು ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಲು ಎದ್ದಳು.